ಹಾಜರಿ ಪಟ್ಟಿಯಲ್ಲಿ ಸಮುದ್ರ

ಕುಮಟಾದಲ್ಲಿ ಹೊಸಬರ ಕತೆ, ಚಿತ್ರಗಳ ಪುಟ್ಟದೊಂದು ಕೂಟ. ಇನ್ನೂ ಬರಬೇಕಾದ ಕಾಲವನ್ನು ಊಹಿಸಿ ಬರೆಯಿರಿ ಎಂದು ಹುಡುಗರಿಗೆ ಹೇಳಿದ್ದರಂತೆ. ಜೋರು ಮಳೆಯಲ್ಲೇ ಹೋದೆ. ಮೊದಲು ಓದಿದ ಕತೆಗಳಲ್ಲಿ ಗಗನನೌಕೆ, ರೋಬೋಗಳಿದ್ದವು. ಚುರುಕಾಗಿಯೇ ಇದ್ದವು, ಆದರೆ ಯಾವ ಊರಲ್ಲಿ ಬೇಕಾದರೂ ನಡೆಯಬಹುದಿತ್ತು.

ಆಮೇಲೆ ಎದ್ದವಳು ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಕಡೆಯ ಕಾಲೇಜು ಹುಡುಗಿ. ಅವಳು ಓದಿದ್ದು 2089ನೇ ಇಸವಿಯ ಗಜನಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ, ರೈತರ ಸಭೆಯ ನಡಾವಳಿ. ಹಿಂದಿನ ಸಭೆಯ ವರದಿ, ಜಮಾಖರ್ಚು, ಠರಾವು, ಎಲ್ಲ ಕ್ರಮವಾಗಿ. ಹಾಜರಿದ್ದವರ ಪಟ್ಟಿಯ ಕೊನೆಗೊಂದು ಹೆಸರು: ಸಮುದ್ರ.

ಗಜನಿ ಬಲ್ಲವರಿಗೆ ಇದು ಬರೀ ಚಮತ್ಕಾರವಲ್ಲ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಎತ್ತರದ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸೀಗಡಿ, ಮೀನು ಹಿಡಿಯುತ್ತಾರೆ. ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಳಿವೆ ಇದು. ಸಮುದ್ರ ಇಲ್ಲಿ ಮೊದಲಿನಿಂದಲೂ ಪಾಲುದಾರ. ಕಟ್ಟೆಯ ಬಾಗಿಲಿನ ಆಚೆ ನಿಂತ ಆ ಪಾಲುದಾರನನ್ನು ಈ ಹುಡುಗಿ ಒಳಗೆ ಕರೆದು ಕೂರಿಸಿ ಮತದ ಹಕ್ಕು ಕೊಟ್ಟಳು.

ನಡಾವಳಿಯ ಧಾಟಿ ಎಲ್ಲೂ ಕದಲಲಿಲ್ಲ. ಸಮುದ್ರ ತನ್ನ ಪಾಲು ಸಾಲದೆಂದು ತಕರಾರು ಎತ್ತಿತು, ಚರ್ಚೆಯಾಯಿತು, ಮೂರರಲ್ಲೊಂದು ಪಾಲು ಗದ್ದೆ ಬಿಟ್ಟುಕೊಡಲು ಠರಾವಾಯಿತು. ಕೊನೆಗೆ ಸಹಿಗಳು. ಹುಡುಗಿ ಹಾಳೆಯನ್ನು ಎತ್ತಿ ಹಿಡಿದಳು. ಎಲ್ಲರ ಸಹಿಯ ಕೆಳಗೆ ಕಾಗದ ಸುಕ್ಕುಗಟ್ಟಿ ಬಿಳಿಯ ಉಪ್ಪಿನ ಗೆರೆಯೊಂದು ಮೂಡಿತ್ತು. ನಿಜವಾದ ಉಪ್ಪುನೀರಲ್ಲೇ ಅದ್ದಿ ಒಣಗಿಸಿದ್ದಳು. ನನಗೆ ಮೈ ಜುಮ್ಮೆಂದಿತು.

ಗೋಡೆಯ ಮೇಲೆ ಒಬ್ಬ ಹುಡುಗ ಬರೆದ ಶಾಯಿಯ ಚಿತ್ರವಿತ್ತು. ಇಳಿತದ ಹೊತ್ತು, ಹೆಂಗಸರು ಬಳಚು ಎಂಬ ಚಿಪ್ಪುಮೀನು ಕೀಳುತ್ತಿದ್ದಾರೆ, ಮುಳುಗಿದ ಕರೆಂಟು ಕಂಬಗಳ ತುದಿಯಿಂದ. ಸೀರೆ ಎತ್ತಿಕಟ್ಟಿದ ರೀತಿ ಈಗಿನದೇ, ಬುಟ್ಟಿಯೂ ಈಗಿನದೇ. ಒಬ್ಬಳು ಏನೋ ಹೇಳಿ ನಗುತ್ತಿದ್ದಾಳೆ. ನಾನು ಈವರೆಗೆ ಓದಿದ ಭವಿಷ್ಯಗಳಲ್ಲಿ ಒಂದೋ ಪ್ರಳಯ, ಇಲ್ಲವೇ ಪವಾಡ. ಪ್ರಳಯದ ಮರುದಿನವೂ ಹೊಟ್ಟೆಪಾಡಿಗೆ ನೀರಿಗಿಳಿಯುವವರನ್ನು ಈ ಹುಡುಗ ಕಂಡಿದ್ದಾನೆ. ಅಳಿವೆಯ ದಡದಲ್ಲಿ ಬೆಳೆದವನಿಗಲ್ಲದೆ ಇದು ಹೊಳೆಯುವುದು ಕಷ್ಟ ಅನಿಸಿತು.

ಚರ್ಚೆಯ ಹೊತ್ತಿಗೆ ಹಿಂದಿನ ಸಾಲಿನ ಹಿರಿಯ ರೈತರೊಬ್ಬರು ಎದ್ದರು. "ಮೂರರಲ್ಲೊಂದು ಜಾಸ್ತಿಯಾಯ್ತು ತಂಗಿ. ಸೀಗಡಿ ಗುತ್ತಿಗೆಯವರು ಒಪ್ತಾರಾ?"

ಕತೆಯಲ್ಲಿ ಗುತ್ತಿಗೆದಾರನೇ ಇರಲಿಲ್ಲ. "ಹೌದಲ್ಲ ಅಜ್ಜಾ" ಎನ್ನುತ್ತ ಅವಳು ಅಲ್ಲೇ ಬರೆದುಕೊಂಡಳು. ಆಮೇಲೆ ಕೂಟವೇ ಅವಳ 2089ರ ಸಭೆಯಾಯಿತು. ಕಟ್ಟೆ ರಿಪೇರಿ ಯಾರದು, ಬೀಜ ಯಾರು ಇಡಬೇಕು ಎಂದು ಒಬ್ಬರ ಮೇಲೊಬ್ಬರು ಕೇಳಿದರು. ಒಡೆದ ಕಟ್ಟೆಯ ಖರ್ಚಿನಲ್ಲಿ ಸಮುದ್ರವೂ ಪಾಲು ಹಾಕಬೇಕು ಎಂದು ಅಜ್ಜ ಪಟ್ಟು ಹಿಡಿದಾಗ ಊಟಕ್ಕೆ ಕರೆದರು. ಬಡಿಸುವ ಸಾಲಲ್ಲೂ ವಾದ ನಡೆದೇ ಇತ್ತು. ತಿದ್ದಿದ ಪ್ರತಿ ನನಗೂ ಕಳಿಸಬೇಕೆಂದು ಹುಡುಗಿಗೆ ಹೇಳಿ ಬಂದಿದ್ದೇನೆ.