ಸಿಎನ್‌ಸಿ ಸಾಫ್ಟ್‌ವೇರ್ ಆರಿಸುವ ಮುನ್ನ ಪಲ್ಸ್ ಲೆಕ್ಕ ಹಾಕಿ

ಹವ್ಯಾಸಕ್ಕೆಂದು ಇಟ್ಟುಕೊಂಡ ಮಿಲ್ಲಿಂಗ್ ಮಷಿನ್ನಿಗೋ ಲೇತಿಗೋ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಮಷಿನ್ ಓಡಿಸುವ ವ್ಯವಸ್ಥೆ) ಕೂರಿಸಲು ಹೊರಟವರ ಮೊದಲ ಪ್ರಶ್ನೆ, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬುದು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದವು ಎರಡು: ಮೋಟಾರಿಗೆ ಸೆಕೆಂಡಿಗೆ ಎಷ್ಟು ಪಲ್ಸ್ (ಅದನ್ನು ಚೂರುಚೂರೇ ತಿರುಗಿಸುವ ವಿದ್ಯುತ್ ಮಿಡಿತ) ಬೇಕು? ಸ್ಪಿಂಡಲ್ (ಕಟರನ್ನೋ ಕೆಲಸದ ತುಂಡನ್ನೋ ತಿರುಗಿಸುವ ದಂಡ) ಸುತ್ತಿಗೂ ಟೂಲ್ ಚಲನೆಗೂ ತಾಳೆ ಇರಬೇಕೇ? ಪರದೆಯ ಅಂದಚೆಂದ ಆಮೇಲಿನ ಮಾತು.

ಸಾಮಾನ್ಯ ಸ್ಟೆಪ್ಪರ್ ಮೋಟಾರಿಗೆ ಸುತ್ತಿಗೆ 200 ಸ್ಟೆಪ್. ಮೋಟಾರ್ ಓಡಿಸುವ ಡ್ರೈವರನ್ನು ಎಂಟರ ಮೈಕ್ರೋಸ್ಟೆಪ್‌ಗೆ (ಒಂದು ಸ್ಟೆಪ್ಪನ್ನು ಎಂಟು ಭಾಗ ಮಾಡುವಂತೆ) ಇಟ್ಟರೆ 1600 ಪಲ್ಸ್. ಬಾಲ್‌ಸ್ಕ್ರೂ ಪಿಚ್ (ಸ್ಕ್ರೂ ಒಂದು ಸುತ್ತಿಗೆ ಅಕ್ಷವನ್ನು ಸರಿಸುವ ದೂರ) 5 ಮಿ.ಮೀ. ಆದರೆ ಒಂದು ಮಿ.ಮೀ.ಗೆ 320 ಪಲ್ಸ್. ನಿಮಿಷಕ್ಕೆ 3000 ಮಿ.ಮೀ. ರಾಪಿಡ್ (ಕಡಿಯದೆ ಓಡುವಾಗಿನ ವೇಗ) ಬೇಕೆಂದರೆ ಸೆಕೆಂಡಿಗೆ 50 ಮಿ.ಮೀ., ಅಂದರೆ 16,000 ಪಲ್ಸ್. ಅದೇ ಸ್ಕ್ರೂಗೆ ಸುತ್ತಿಗೆ 10,000 ಪಲ್ಸ್ ಕೇಳುವ ಸರ್ವೋ ಹಾಕಿದರೆ ಅದೇ ವೇಗಕ್ಕೆ 1,00,000 ಪಲ್ಸ್ ಬೇಕು. ಸಾಫ್ಟ್‌ವೇರ್‌ಗಳ ಪಟ್ಟಿಯಲ್ಲಿ ಅರ್ಧದಷ್ಟು ಇಲ್ಲೇ ಉದುರಿಹೋಗುತ್ತವೆ.

ಆರ್ಡುಯಿನೋ ಊನೋ ಎಂಬ ಚಿಕ್ಕ ಬೋರ್ಡಿನ ಮೇಲೆ ಓಡುವ ಸಿಎನ್‌ಸಿ ಸಾಫ್ಟ್‌ವೇರ್ ಜಿಆರ್‌ಬಿಎಲ್‌ನ ಮಿತಿ ಸೆಕೆಂಡಿಗೆ ಸುಮಾರು 30,000 ಪಲ್ಸ್. ಮೇಲಿನ ಸ್ಟೆಪ್ಪರಿಗೆ ಧಾರಾಳ, ಸರ್ವೋಗೆ ಸಾಲದು. ಅಂಥಲ್ಲಿ 32 ಬಿಟ್ ಚಿಪ್‌ಗಳಿಗೆಂದು ಬರೆದ ಜಿಆರ್‌ಬಿಎಲ್‌ಹ್ಯಾಲ್ ಅಥವಾ ಇಎಸ್‌ಪಿ32 ಮೇಲೆ ಓಡುವ ಫ್ಲೂಯಿಡ್‌ಎನ್‌ಸಿ ನೋಡಬಹುದು. ಸರ್ವೋ ಡ್ರೈವಿನ ಎಲೆಕ್ಟ್ರಾನಿಕ್ ಗೇರ್ ಅನುಪಾತ (ಒಂದು ಪಲ್ಸಿಗೆ ಮೋಟಾರ್ ಎಷ್ಟು ತಿರುಗಬೇಕೆಂಬ ಸೆಟ್ಟಿಂಗ್) ಬದಲಿಸಿ ಪಲ್ಸ್ ಇಳಿಸುವುದೂ ಒಂದು ದಾರಿ. ಮಿ.ಮೀ.ಗೆ 400 ಪಲ್ಸ್ ಸಿಕ್ಕರೂ ಒಂದು ಪಲ್ಸ್ ಎಂದರೆ 0.0025 ಮಿ.ಮೀ.; ಹವ್ಯಾಸಿ ಮಷಿನ್ನಿನ ಬಿಗಿತಕ್ಕೆ ಅದು ಬೇಕಾದ್ದಕ್ಕಿಂತ ಹೆಚ್ಚೇ.

ಹಳೆಯ ಡೆಸ್ಕ್‌ಟಾಪಿನ ಪ್ಯಾರಲಲ್ ಪೋರ್ಟ್ (ಹಿಂದೆ ಪ್ರಿಂಟರ್ ಜೋಡಿಸುತ್ತಿದ್ದ ಕಿಂಡಿ) ಬಳಸುವ ಆಸೆ ಹಲವರಿಗಿರುತ್ತದೆ. ವಿಂಡೋಸ್‌ನ ಸಿಎನ್‌ಸಿ ಸಾಫ್ಟ್‌ವೇರ್ ಮ್ಯಾಕ್3ಯ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ, ಆ ಸಾಫ್ಟ್‌ವೇರಿನ ಅಭಿವೃದ್ಧಿಯೂ ನಿಂತಿದೆ. ಹೊಸ ಮಷಿನ್ನಿಗೆ ಅದನ್ನು ಆರಿಸಲು ಕಾರಣ ಕಾಣುವುದಿಲ್ಲ. ಲಿನಕ್ಸ್‌ಸಿಎನ್‌ಸಿ ಇಂದಿಗೂ ಪ್ಯಾರಲಲ್ ಪೋರ್ಟಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಆದರೆ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಅದರ ಜೊತೆಗೇ ಬರುವ ಲೇಟೆನ್ಸಿ ಟೆಸ್ಟ್ (ಕಂಪ್ಯೂಟರ್ ಎಷ್ಟು ತಡಮಾಡುತ್ತದೆಂದು ಅಳೆಯುವ ಪರೀಕ್ಷೆ) ಹಾಕಿ, ವಿಂಡೋಗಳನ್ನು ಎಳೆದಾಡಿ, ದೊಡ್ಡ ಫೈಲ್ ಕಾಪಿ ಮಾಡಿ, ಗ್ರಾಫಿಕ್ಸ್ ಓಡಿಸಿ, ಹಲವು ಗಂಟೆ ಬಿಡಿ. ಬೇಸ್ ಥ್ರೆಡ್ಡಿನ (ಪಲ್ಸ್ ಹೊರಡಿಸಲು ಮತ್ತೆ ಮತ್ತೆ ಓಡುವ ಪ್ರೋಗ್ರಾಂ ಭಾಗದ) ಗರಿಷ್ಠ ಜಿಟ್ಟರ್ (ಸಮಯದ ಏರುಪೇರು) 15ರಿಂದ 20 ಮೈಕ್ರೋಸೆಕೆಂಡಿನೊಳಗಿದ್ದರೆ ಒಳ್ಳೆಯದು. 30-50 ಇದ್ದರೆ ವೇಗ ಕಡಿಮೆ ಮಾಡಿಕೊಳ್ಳಬೇಕು. 100 ದಾಟಿದರೆ ಆ ಕಂಪ್ಯೂಟರಿನಿಂದ ನೇರವಾಗಿ ಪಲ್ಸ್ ಹೊರಡಿಸುವ ಯೋಚನೆ ಬಿಡಿ. ಅದಕ್ಕೂ ಮುನ್ನ ಬಯೋಸ್‌ನಲ್ಲಿ ಪವರ್ ಸೇವಿಂಗ್, ಸಿ-ಸ್ಟೇಟ್, ಹೈಪರ್‌ಥ್ರೆಡ್ಡಿಂಗ್ ಆಫ್ ಮಾಡಿ ನೋಡಿ, ಅಂಕಿ ಎಷ್ಟೋ ಸಲ ಇಳಿಯುತ್ತದೆ. ಲ್ಯಾಪ್‌ಟಾಪ್‌ಗಳು ಮಾತ್ರ ಸಾಮಾನ್ಯವಾಗಿ ಇಲ್ಲೇ ಸೋಲುತ್ತವೆ.

ಬೇಸ್ ಥ್ರೆಡ್ 25 ಮೈಕ್ರೋಸೆಕೆಂಡಿಗೊಮ್ಮೆ ಓಡುವುದಾದರೆ, ಪಲ್ಸ್ ಏಳಲು ಒಂದು ಸರದಿ, ಇಳಿಯಲು ಇನ್ನೊಂದು. ಹೀಗೆ ಎರಡು ಸರದಿ ಬೇಕಾದಾಗ ಸೆಕೆಂಡಿಗೆ 20,000 ಪಲ್ಸಿಗೆ ಮುಗಿಯಿತು. ಇದಕ್ಕೆ ಪರಿಹಾರ ಮೆಸಾ ಕಂಪನಿಯದಂಥ ಎಫ್‌ಪಿಜಿಎ (ಬೇಕಾದಂತೆ ಸರ್ಕ್ಯೂಟ್ ರೂಪಿಸಿಕೊಳ್ಳುವ ಚಿಪ್) ಕಾರ್ಡ್. ಕಾರ್ಡ್ ಪಲ್ಸ್ ತಯಾರಿಸುತ್ತದೆ, ಕಂಪ್ಯೂಟರ್ ಒಂದು ಮಿಲಿಸೆಕೆಂಡಿಗೊಮ್ಮೆ ವೇಗ ಹೇಳಿದರೆ ಸಾಕು. ಆಗ 100 ಮೈಕ್ರೋಸೆಕೆಂಡ್ ಜಿಟ್ಟರ್ ಇರುವ ಕಂಪ್ಯೂಟರೂ ನಡೆಯುತ್ತದೆ. ಯುಸಿಸಿಎನ್‌ಸಿ, ಮ್ಯಾಕ್4, ಸೆಂಟ್ರಾಯ್ಡ್ ಏಕಾರ್ನ್ ಕೂಡ ಇದೇ ಪಂಗಡದವು: ಪಲ್ಸ್ ಕೆಲಸ ಹೊರಗಿನ ಬೋರ್ಡಿಗೆ, ಪರದೆ ವಿಂಡೋಸ್‌ಗೆ. ಬೋರ್ಡಿಗೆ ಯುಎಸ್‌ಬಿ ಬದಲು ಈಥರ್ನೆಟ್ ಆರಿಸಿ. ಈಥರ್ನೆಟ್ ಪೋರ್ಟಿನೊಳಗೆ ಟ್ರಾನ್ಸ್‌ಫಾರ್ಮರ್ ಐಸೊಲೇಷನ್ (ವಿದ್ಯುತ್ ಗದ್ದಲ ದಾಟದಂತೆ ಬೇರ್ಪಡಿಸುವ ಏರ್ಪಾಡು) ಇರುತ್ತದೆ. ಯುಎಸ್‌ಬಿ ಆದರೆ ವಿಎಫ್‌ಡಿ (ಸ್ಪಿಂಡಲ್ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್) ಚಾಲೂ ಆದ ಕ್ಷಣ ಕನೆಕ್ಷನ್ ಕಡಿದು, ಕಟರ್ ಲೋಹದೊಳಗೇ ನಿಂತುಬಿಡುವ ಸಂಭವ ಹೆಚ್ಚು.

ಲೇತ್ ವಿಷಯಕ್ಕೆ ಬಂದರೆ ಆಯ್ಕೆ ಇನ್ನೂ ಕಿರಿದು. ಥ್ರೆಡ್ ಕಟಿಂಗ್‌ನಲ್ಲಿ (ಸ್ಕ್ರೂ ಎಳೆ ಕೊರೆಯುವಾಗ) ಟೂಲ್ ಲೋಹಕ್ಕೆ ಕಚ್ಚಿದೊಡನೆ ಸ್ಪಿಂಡಲ್ ವೇಗ ಕುಸಿಯುತ್ತದೆ. ಸುತ್ತಿಗೊಂದೇ ಇಂಡೆಕ್ಸ್ ಪಲ್ಸ್ ನೋಡುವ ಕಂಟ್ರೋಲರಿಗೆ ಅದು ಗೊತ್ತಾಗುವುದು ಸುತ್ತು ಮುಗಿದ ಮೇಲೆ. ಅಷ್ಟರಲ್ಲಿ ಪಿಚ್ ಕೆಟ್ಟಿರುತ್ತದೆ. ಎ, ಬಿ ಎರಡು ಚಾನಲ್ ಮತ್ತು ಇಂಡೆಕ್ಸ್ ಇರುವ ಎನ್‌ಕೋಡರ್ (ಸ್ಪಿಂಡಲ್ ಎಷ್ಟು ತಿರುಗಿತೆಂದು ಎಣಿಸುವ ಸೆನ್ಸರ್) ಹಾಕಿ. 100 ಸೀಳಿನ ಡಿಸ್ಕ್ ಸಾಕು, ಎರಡು ಚಾನಲ್‌ಗಳ ಏರಿಳಿತ ಸೇರಿ ಸುತ್ತಿಗೆ 400 ಎಣಿಕೆ ಸಿಗುತ್ತದೆ. ಲಿನಕ್ಸ್‌ಸಿಎನ್‌ಸಿಯ ಜಿ76 (ಥ್ರೆಡ್ ಕೊರೆಯುವ ಆಜ್ಞೆ) ಈ ಎಣಿಕೆಯನ್ನೇ ಹಿಂಬಾಲಿಸುತ್ತದೆ, ಮಿಲ್ಲಿನಲ್ಲಿ ರಿಜಿಡ್ ಟ್ಯಾಪಿಂಗ್‌ಗೆ (ಸ್ಪಿಂಡಲ್ ಸುತ್ತಿಗೆ ತಾಳೆಯಾಗಿ ರಂಧ್ರದೊಳಗೆ ಎಳೆ ಕೊರೆಯಲು) ಜಿ33.1 ಇದೆ. ಮೂಲ ಜಿಆರ್‌ಬಿಎಲ್‌ನಲ್ಲಿ ಇವೆರಡೂ ಇಲ್ಲ. ಬೇರೆ ಬೋರ್ಡ್ ಕೊಳ್ಳುವಾಗ "ಸ್ಪಿಂಡಲ್ ಇನ್‌ಪುಟ್ ಇದೆ" ಎಂಬ ಮಾತನ್ನು ನಂಬಬೇಡಿ. ಆರ್‌ಪಿಎಂ ತೋರಿಸುವುದೇ ಬೇರೆ, ಅದಕ್ಕೆ ಟೂಲನ್ನು ಕಟ್ಟುವುದೇ ಬೇರೆ.

ಥ್ರೆಡ್ ಶುರುವಾಗುವ ಮುನ್ನ ಓಡಲು ಜಾಗವನ್ನೂ ಬಿಡಬೇಕು. 1.5 ಮಿ.ಮೀ. ಪಿಚ್, 600 ಆರ್‌ಪಿಎಂ ಎಂದರೆ ಸೆಕೆಂಡಿಗೆ 15 ಮಿ.ಮೀ. ಆಕ್ಸಿಲರೇಷನ್ (ವೇಗ ಏರುವ ದರ) 150 ಮಿ.ಮೀ./ಸೆ² ಇದ್ದರೆ ಆ ವೇಗ ಮುಟ್ಟಲು 0.75 ಮಿ.ಮೀ. ಬೇಕು, ತಾಳೆ ಹಿಡಿಯಲು ಇನ್ನೊಂದಿಷ್ಟು. 3-4 ಮಿ.ಮೀ. ಬಿಟ್ಟರೆ ಮೊದಲ ಎಳೆಗಳು ಕೆಡುವುದಿಲ್ಲ.

3ಡಿ ಕೆತ್ತನೆಯಲ್ಲಿ ಮಷಿನ್ ನಡುಗುತ್ತಾ ನಿಧಾನವಾದರೆ ಎಲ್ಲರೂ ಮೋಟಾರನ್ನು ಬೈಯುತ್ತಾರೆ. ಹಲವು ಸಲ ತಪ್ಪು ಪ್ಲಾನರಿನದು, ಅಂದರೆ ಮುಂದಿನ ಚಲನೆ ನೋಡಿ ವೇಗ ಗೊತ್ತುಮಾಡುವ ಸಾಫ್ಟ್‌ವೇರ್ ಭಾಗದ್ದು. ಊನೋದ ಜಿಆರ್‌ಬಿಎಲ್ ಸುಮಾರು 16 ಸಾಲುಗಳಷ್ಟೇ ಮುಂದೆ ನೋಡುತ್ತದೆ. ಕ್ಯಾಮ್ (ವಿನ್ಯಾಸದಿಂದ ಟೂಲಿನ ದಾರಿ ಬರೆಯುವ ಸಾಫ್ಟ್‌ವೇರ್) ಕೊಟ್ಟ ದಾರಿಯ ತುಂಡುಗಳು 0.02 ಮಿ.ಮೀ. ಉದ್ದದವಾದರೆ ಅದಕ್ಕೆ ಕಾಣುವ ದಾರಿ 0.32 ಮಿ.ಮೀ. ಮಾತ್ರ. ಅಷ್ಟರೊಳಗೆ ನಿಲ್ಲುವಂತಿರಬೇಕು, ಆಕ್ಸಿಲರೇಷನ್ 100 ಮಿ.ಮೀ./ಸೆ² ಇದ್ದರೆ ವೇಗ ಸೆಕೆಂಡಿಗೆ 8 ಮಿ.ಮೀ., ಅಂದರೆ ನಿಮಿಷಕ್ಕೆ 480 ದಾಟುವುದೇ ಇಲ್ಲ, ನೀವು ಎಫ್2000 (ನಿಮಿಷಕ್ಕೆ 2000 ಮಿ.ಮೀ.) ಬರೆದರೂ. ಕ್ಯಾಮ್‌ನಲ್ಲಿ ಸ್ಮೂದಿಂಗ್ ಹೆಚ್ಚಿಸಿ ತುಂಡು ಉದ್ದ ಮಾಡಿದರೆ ತಕ್ಷಣ ವ್ಯತ್ಯಾಸ ಕಾಣುತ್ತದೆ. ಲಿನಕ್ಸ್‌ಸಿಎನ್‌ಸಿಯಲ್ಲಿ ತೊಂದರೆ ಉಲ್ಟಾ: ಬರಿಯ ಜಿ64 (ನಿಲ್ಲದೆ ಸಾಗು ಎಂಬ ಆಜ್ಞೆ) ಹಾಕಿದರೆ ವೇಗಕ್ಕಾಗಿ ಮೂಲೆಗಳನ್ನು ದುಂಡಗೆ ಮಾಡಿಬಿಡುತ್ತದೆ. ಪ್ರೋಗ್ರಾಂ ತಲೆಯಲ್ಲೇ ಜಿ64 ಪಿ0.02 ಎಂದು, ದಾರಿ ಎಷ್ಟು ತಪ್ಪಬಹುದೆಂಬ ಮಿತಿ ಹೇಳಿ.

ಕ್ಯಾಮ್ ಪೋಸ್ಟ್ ಪ್ರೊಸೆಸರನ್ನು (ಟೂಲಿನ ದಾರಿಯನ್ನು ಕಂಟ್ರೋಲರಿನ ಆಜ್ಞೆಗಳಾಗಿ ಬರೆಯುವ ಭಾಗ) ಮೊದಲೇ ನೋಡಿಕೊಳ್ಳಿ: ಮೂಲ ಜಿಆರ್‌ಬಿಎಲ್‌ಗೆ ಜಿ81 ಡ್ರಿಲ್ ಸೈಕಲ್ಲಾಗಲಿ ಜಿ41 ಕಟರ್ ಕಾಂಪೆನ್ಸೇಷನ್ (ಕಟರಿನ ದಪ್ಪಕ್ಕೆ ತಕ್ಕಂತೆ ದಾರಿ ಸರಿಸುವುದು) ಆಗಲಿ ಗೊತ್ತಿಲ್ಲ, ಎರರ್ 20 ಎಂದು ನಿಲ್ಲುತ್ತದೆ. ಪ್ಲಾಸ್ಮಾ ಟೇಬಲ್ ಆದರೆ ಆರ್ಕ್ ವೋಲ್ಟೇಜ್ ನೋಡಿ ಟಾರ್ಚ್ ಎತ್ತರ ಸರಿಪಡಿಸಬೇಕು. ಲಿನಕ್ಸ್‌ಸಿಎನ್‌ಸಿಯ ಕ್ಯೂಟಿಪ್ಲಾಸ್ಮಾಸಿ ಆ ಕೆಲಸಕ್ಕೆಂದೇ ಇದೆ. ಎಮರ್ಜೆನ್ಸಿ ಸ್ಟಾಪ್ ಯಾವ ಸಾಫ್ಟ್‌ವೇರಿನ ಹೊಣೆಯೂ ಅಲ್ಲ. ಬಟನ್ ಒತ್ತಿದರೆ ಕಾಂಟ್ಯಾಕ್ಟರ್ (ದೊಡ್ಡ ರಿಲೇ ಸ್ವಿಚ್) ತೆರೆದುಕೊಂಡು ಡ್ರೈವ್ ಮತ್ತು ಸ್ಪಿಂಡಲ್ ಪವರ್ ಕಡಿಯಬೇಕು; ಕಂಟ್ರೋಲರಿಗೆ ಸುದ್ದಿ ಮಾತ್ರ ಹೋಗಲಿ.

ಬ್ಯಾಕ್‌ಲ್ಯಾಶ್ ಕಾಂಪೆನ್ಸೇಷನ್ (ಸ್ಕ್ರೂ-ನಟ್ಟಿನ ಸಡಿಲವನ್ನು ಲೆಕ್ಕದಲ್ಲಿ ಸರಿದೂಗಿಸುವುದು) ಇದೆ ಎಂಬ ಕಾರಣಕ್ಕೆ ಸಾಫ್ಟ್‌ವೇರ್ ಆರಿಸಬೇಡಿ. ಸಡಿಲ ನಟ್ಟಿನ ಮಷಿನ್ನಿನಲ್ಲಿ ಕ್ಲೈಂಬ್ ಮಿಲ್ಲಿಂಗ್ (ಟೇಬಲ್ ಸರಿಯುವ ದಿಕ್ಕಿನಲ್ಲೇ ಕಟರ್ ಹಲ್ಲು ಕಡಿಯುವುದು) ಮಾಡಿದರೆ ಕಟರ್ ಟೇಬಲನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಸಾಫ್ಟ್‌ವೇರ್ ಅದನ್ನು ತಡೆಯಲಾರದು.

ಕೊಂಡಿದ್ದು ಯಾವುದೇ ಇರಲಿ, ಲೋಹ ಕಡಿಯುವ ಮುನ್ನ ಡಯಲ್ ಗೇಜ್ (ಚೂರು ಸರಿದದ್ದನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಇಟ್ಟು, ಅಕ್ಷವನ್ನು ರಾಪಿಡ್‌ನಲ್ಲಿ 50 ಮಿ.ಮೀ. ಹೋಗಿ ಬರುವಂತೆ 100 ಸಲ ಓಡಿಸಿ. ಮುಳ್ಳು ಪ್ರತಿ ಸಲ ಒಂದೇ ಕಡೆಗೆ ಚೂರುಚೂರೇ ಸರಿಯುತ್ತಿದ್ದರೆ ಸ್ಟೆಪ್ ಪಲ್ಸಿನ ಪೊಲಾರಿಟಿ ತಿರುಗಿದೆ ಅಥವಾ ಡೈರೆಕ್ಷನ್ ಸೆಟಪ್ ಸಮಯ (ದಿಕ್ಕು ಬದಲಿಸಿದ ಮೇಲೆ ಪಲ್ಸ್ ಕೊಡುವ ಮುನ್ನ ಬಿಡುವ ಬಿಡುವು) ಸಾಲುತ್ತಿಲ್ಲ. ಡ್ರೈವರಿನ ಕೈಪಿಡಿಯಲ್ಲಿ ಎಷ್ಟು ಮೈಕ್ರೋಸೆಕೆಂಡ್ ಕೇಳಿದೆ ನೋಡಿ, ಅದಕ್ಕಿಂತ ಹೆಚ್ಚೇ ಕೊಡಿ. ಒಮ್ಮೆಲೇ ದೊಡ್ಡದಾಗಿ ಜಿಗಿದಿದ್ದರೆ ಮೋಟಾರ್ ಸ್ಟಾಲ್ ಆಗಿದೆ (ಭಾರ ತಾಳದೆ ನಿಂತಿದೆ), ಆಕ್ಸಿಲರೇಷನ್ ಇಳಿಸಿ. ಸ್ಪಿಂಡಲ್ ಆನ್ ಇದ್ದಾಗ ಮಾತ್ರ ಕೆಡುತ್ತಿದ್ದರೆ ಸಾಫ್ಟ್‌ವೇರ್ ಮುಟ್ಟಬೇಡಿ, ವಿಎಫ್‌ಡಿ ಕೇಬಲ್ಲನ್ನು ಸಿಗ್ನಲ್ ವೈರುಗಳಿಂದ ದೂರ ಎಳೆಯಿರಿ.