ಗೋಲ್‌ಕೀಪರ್‌ನ ಕಾಲು ನೋಡಿ

ಎಮ್ಮೆಕೆರೆ ಕೊಳಕ್ಕೆ ಈಜಲು ಹೋಗುವ ಮಂಗಳೂರಿನ ಮಕ್ಕಳು ಬಿಡುವಾದಾಗ ವಾಟರ್ ಪೋಲೊ (ನೀರಿನಲ್ಲಿ ಈಜುತ್ತಾ ಚೆಂಡನ್ನು ಗೋಲಿಗೆ ಎಸೆಯುವ ಆಟ) ಗೋಲ್‌ಕೀಪರ್‌ಗಳ ವಿಡಿಯೊ ಹುಡುಕಿ ನೋಡಬೇಕು. ಹಂಗೇರಿಯ ಜೋಲ್ತಾನ್ ಸೇಚಿಗೆ 2000, 2004, 2008, ಮೂರೂ ಒಲಿಂಪಿಕ್ಸ್‌ನಲ್ಲಿ ಚಿನ್ನ. ಕ್ರೊವೇಷ್ಯಾ 2012ರಲ್ಲಿ ಚಿನ್ನ ಗೆದ್ದಾಗ ಗೋಲಿನಲ್ಲಿದ್ದವರು ಯೋಸಿಪ್ ಪಾವಿಚ್. ಅಮೆರಿಕದ ಆಶ್ಲಿ ಜಾನ್ಸನ್ ರಿಯೊ, ಟೋಕಿಯೊ ಎರಡರಲ್ಲೂ ಗೆದ್ದವರು. ನನ್ನ ಲೆಕ್ಕದಲ್ಲಿ ಈಗಿನವರಲ್ಲಿ ಅವರೇ ಮೇಲು.

ಗೋಲಿನ ಅಗಲ 3 ಮೀಟರ್, ನೀರಿನಿಂದ ಮೇಲಿನ ಪಟ್ಟಿಗೆ 90 ಸೆಂಟಿಮೀಟರ್. ಕಾಲಿಗೆ ನೆಲ ಸಿಗದ ಆಳದಲ್ಲಿ ಅಷ್ಟನ್ನೂ ಕಾಯುವುದು ಎಗ್‌ಬೀಟರ್ ಕಿಕ್‌ನಿಂದಲೇ. ಮಂಡಿ ಮೇಲಕ್ಕೆತ್ತಿ ಅಗಲಿಸಿ, ಪಾದ ಹೊರಕ್ಕೆ ತಿರುಗಿಸಿ, ಒಂದಾದ ಮೇಲೊಂದು ಕಾಲನ್ನು ವೃತ್ತಾಕಾರವಾಗಿ ಬೀಸಬೇಕು. ಬ್ರೆಸ್ಟ್‌ಸ್ಟ್ರೋಕ್ ಅಭ್ಯಾಸದವರು ಎರಡೂ ಕಾಲನ್ನು ಒಟ್ಟಿಗೆ ಒದೆಯುತ್ತಾರೆ. ಆಗ ಮೈ ಏರಿಳಿಯುತ್ತದೆ, ಎದುರಾಳಿ ಇಳಿಯುವ ಗಳಿಗೆಯನ್ನೇ ಕಾದು ಚೆಂಡು ಎಸೆಯುತ್ತಾನೆ. ಮಂಡಿ ಕೆಳಗೆ ಜೋತುಬಿದ್ದರೆ ಇನ್ನೂ ಕಷ್ಟ: ಮೇಲಕ್ಕೆ ಹಾರಬಹುದು, ಪಕ್ಕಕ್ಕೆ ಚಿಮ್ಮಲಾಗದು.

ಇನ್ನೊಂದು ತಪ್ಪು, ಎಸೆಯುವಂತೆ ನಟಿಸಿದಾಗಲೇ ಹಾರಿಬಿಡುವುದು. ಮೇಲೆದ್ದ ಮೈ ಮತ್ತೆ ಮುಳುಗುವಷ್ಟರಲ್ಲಿ ಚೆಂಡು ತಲೆಯ ಮೇಲಿಂದ ಒಳಗೆ. ಜಾನ್ಸನ್ ಆಟದಲ್ಲಿ ಇದನ್ನೇ ಗಮನಿಸಿ: ಅಂಗೈಗಳು ನೀರಿನ ಮೇಲ್ಮೈಯಲ್ಲೇ ಸವರುತ್ತಿರುತ್ತವೆ, ಚೆಂಡು ಎದುರಾಳಿಯ ಕೈ ಬಿಡುವ ತನಕ ಭುಜ ಏಳುವುದಿಲ್ಲ.

ಕಲಿಯಲು ಮನಸ್ಸಿದ್ದವರು ಕೋಚ್ ಇರುವಾಗ ಆಳದ ಕಡೆ, ಎರಡೂ ಕೈ ಮೊಣಕೈವರೆಗೆ ನೀರಿನಿಂದ ಹೊರಗಿಟ್ಟು 30 ಸೆಕೆಂಡ್ ನಿಲ್ಲಿ, 30 ಸೆಕೆಂಡ್ ವಿಶ್ರಾಂತಿ, ಹೀಗೆ ಆರು ಸಲ. ಮಂಡಿಯ ಒಳಬದಿ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.