ಪೇಷೆಂಟ್ ಕಡೆಯವರು

ಕ್ಯಾನ್ಸರ್ ಆಸ್ಪತ್ರೆಯ ಒಪಿಡಿಯಲ್ಲಿ ಬೆಳಗಿನಿಂದ ಸಂಜೆವರೆಗೂ ಕೇಳುವ ಕೂಗು ಒಂದೇ: "ಪೇಷೆಂಟ್ ಕಡೆಯವರು ಯಾರ್ರೀ?" ಹೆಂಡತಿಯೋ ಮಗನೋ ಸೊಸೆಯೋ ಎದ್ದು ಓಡುತ್ತಾರೆ. ಬಿಲ್ಲು ಕಟ್ಟುವುದು, ಸ್ಯಾಂಪಲ್ಲನ್ನು ಲ್ಯಾಬಿಗೆ ಕೊಡುವುದು, ಸಹಿ ಹಾಕುವುದು, ಡಾಕ್ಟರ್ ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಎಲ್ಲ ಅವರದೇ ಕೆಲಸ. ಆ ದಪ್ಪ ಫೈಲಿನಲ್ಲಿ ಅವರ ವಿಷಯ ಅಂತ ಇರುವುದು ಒಂದು ಹೆಸರು, ಒಂದು ಫೋನ್ ನಂಬರು. ಅವರಿಗೂ ಶುಗರ್ ಇದೆಯೇ, ಹೋದ ವಾರ ಎಷ್ಟು ರಾತ್ರಿ ನಿದ್ದೆ ಮಾಡಿದ್ದಾರೆ ಎಂದು ಕೇಳಿದವರು ಕಡಿಮೆ.

ಇಂಥವರನ್ನು ಗುರುತಿಸಬೇಕು ಅಂದ ಕೂಡಲೇ ಶಾಲು, ಹಾರ, ಫಲಕ ನೆನಪಾಗುತ್ತವೆ. ಅದೆಲ್ಲ ಆಮೇಲೆ. ಮೊದಲು ಅವರ ಗಂಟೆಗಳನ್ನು ಎಣಿಸಿ ನೋಡಬೇಕು. ಎಣಿಸಿದರೆ ಎಲ್ಲಿ ಕೈಜೋಡಿಸಬಹುದು ಅನ್ನುವುದು ತಾನಾಗೇ ಕಾಣುತ್ತದೆ.

ಬಾಯಿ ಕ್ಯಾನ್ಸರ್ ನಮ್ಮಲ್ಲಿ ಬಹಳ. ಗುಟ್ಕಾ, ತಂಬಾಕು, ಅಡಿಕೆ ಇದಕ್ಕೆ ಮುಖ್ಯ ಕಾರಣ. ಆಪರೇಷನ್ ಅಥವಾ ರೇಡಿಯೇಷನ್ ಆದಮೇಲೆ ನುಂಗಲು ಆಗದವರಿಗೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಊಟ ಮಾಡಿಸುವುದು ಮನೆಯವರ ಕೈಗೆ ಬೀಳುತ್ತದೆ. ಒಂದು ಸಲದ ಊಟ ಹೀಗಿರುತ್ತದೆ. ಗಂಜಿಯನ್ನು ಉಗುರುಬೆಚ್ಚಗೆ ಮಾಡಿ, ತೆಳು ಬಟ್ಟೆಯಲ್ಲಿ ಸೋಸಬೇಕು. ರೋಗಿಯನ್ನು ದಿಂಬು ಕೊಟ್ಟು ಎತ್ತರಕ್ಕೆ ಒರಗಿಸಬೇಕು, ತಲೆ ಕಡೆ ಕನಿಷ್ಠ 30ರಿಂದ 45 ಡಿಗ್ರಿ ಏರಿರಬೇಕು. ಮೂಗಿನ ಹತ್ತಿರ ಟ್ಯೂಬಿನ ಮೇಲಿರುವ ಗುರುತು ನಿನ್ನೆ ಇದ್ದ ಕಡೆಯೇ ಇದೆಯಾ ನೋಡಬೇಕು. ಟ್ಯೂಬ್ ಹೊರಗೆ ಜಾರಿದ್ದರೆ ಒಂದು ಹನಿಯನ್ನೂ ಬಿಡಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಎಲ್ಲ ಸರಿಯಿದ್ದರೆ 30 ಎಂಎಲ್ ನೀರು, ಆಮೇಲೆ 200ರಿಂದ 250 ಎಂಎಲ್ ಗಂಜಿ, ಕೊನೆಗೆ ಮತ್ತೆ 30 ಎಂಎಲ್ ನೀರು. 50 ಎಂಎಲ್ ಸಿರಿಂಜಿನ ಹಿಡಿಯನ್ನು ತೆಗೆದಿಟ್ಟು, ಬರೀ ಕೊಳವೆಯನ್ನು ಮೇಲೆ ಹಿಡಿದು, ತಾನಾಗೇ ಇಳಿಯಲು ಬಿಡಬೇಕು. ಅವಸರಕ್ಕೆ ಒತ್ತಿದರೆ ವಾಂತಿ ಬರುತ್ತದೆ. ನಡುವೆ ಕೆಮ್ಮು, ಉಬ್ಬಸ ಬಂದರೆ ತಕ್ಷಣ ನಿಲ್ಲಿಸಬೇಕು. ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಮಲಗಿಸುವಂತಿಲ್ಲ.

ಟ್ಯೂಬ್ ಕಟ್ಟಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ರಾಗಿ ಗಂಜಿ ಆರಿದಂತೆಲ್ಲ ಗಟ್ಟಿಯಾಗುತ್ತದೆ, ಇಲ್ಲವೇ ಮಾತ್ರೆಯನ್ನು ನುಣ್ಣಗೆ ಅರೆದಿರುವುದಿಲ್ಲ. ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಒತ್ತಿ, ಎಳೆದು ನೋಡಬಹುದು. ತಂತಿ ಹಾಕಿ ಚುಚ್ಚಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಮಾತ್ರೆಗಳನ್ನು ಅರೆಯಲೇಬಾರದು. ಅರೆದರೆ ಹಲವು ಗಂಟೆಗಳ ಮದ್ದು ಒಂದೇ ಸಲ ಒಳಗೆ ಹೋಗುತ್ತದೆ. ಅದರ ಬದಲು ದ್ರವ ರೂಪದ್ದೋ ಬೇರೆಯದೋ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ.

ಬೆಳಿಗ್ಗೆ 6ಕ್ಕೆ ಶುರುವಾದರೆ ರಾತ್ರಿ 10ರೊಳಗೆ ಇಂಥ ಏಳು ಊಟ. ಬಿಸಿ ಮಾಡುವುದು, ಸೋಸುವುದು, ಮಾತ್ರೆ ಅರೆಯುವುದು, ಹಾಕುವುದು, ತೊಳೆದಿಡುವುದು ಸೇರಿ ಒಂದಕ್ಕೆ 40 ನಿಮಿಷ ಅಂದರೂ ದಿನಕ್ಕೆ 4 ಗಂಟೆ 40 ನಿಮಿಷ. ಬಾಯಿ ತೊಳೆಸುವುದು, ಡ್ರೆಸ್ಸಿಂಗ್, ಬಟ್ಟೆ ಇದರಲ್ಲಿ ಸೇರಿಲ್ಲ. ಮನೆಯಲ್ಲಿ ಇದನ್ನು ಬಲ್ಲವರು ಒಬ್ಬರೇ ಇದ್ದರೆ ಅವರು ಮೂರು ಗಂಟೆ ಹೊರಗೆ ಹೋಗುವುದೂ ಕಷ್ಟ. ಹಾಗಾಗಿ ನಾದಿನಿ, ಮೈದುನ, ಪಕ್ಕದ ಮನೆಯವರಲ್ಲಿ ಯಾರಾದರೂ ಒಬ್ಬರು ಆಸ್ಪತ್ರೆಯ ನರ್ಸ್ ಎದುರಿಗೇ ಎರಡು ಸಲ ಊಟ ಹಾಕಿ ಕಲಿತುಕೊಳ್ಳಲಿ. ಈ ಮನೆಗೆ ಮಾಡಬಹುದಾದ ದೊಡ್ಡ ಉಪಕಾರ ಅದು. ಡಿಸ್ಚಾರ್ಜ್ ದಿನ ಒಬ್ಬರಿಗೆ ಮಾತ್ರ ಹೇಳಿಕೊಟ್ಟು ಕಳಿಸುವ ಆಸ್ಪತ್ರೆಗಳು ಈ ಪದ್ಧತಿಯನ್ನು ಬದಲಿಸಬೇಕು. ಇಬ್ಬರಿಗೆ ಕಲಿಸಲು ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೆ.

ಕೀಮೋ ನಡೆಯುವ ಮನೆಯ ಭಾರ ಬೇರೆ ಥರ. ಸಾಮಾನ್ಯವಾಗಿ ಕೀಮೋ ಆದ 7ನೇ ದಿನದಿಂದ 14ನೇ ದಿನದೊಳಗೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಬಹಳ ಇಳಿದಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅದು ಎಮರ್ಜೆನ್ಸಿಯೇ. ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವುದು ದೊಡ್ಡ ತಪ್ಪು. ಜ್ವರ ಇಳಿದಂತೆ ಕಂಡರೂ ಸೋಂಕು ಒಳಗೆ ಏರುತ್ತಲೇ ಇರಬಹುದು. ರಾತ್ರಿ ಎರಡು ಗಂಟೆಗೆ ಥರ್ಮಾಮೀಟರ್ ನೋಡಿ "ಹೊರಡೋಣ" ಎಂದು ನಿರ್ಧರಿಸಬೇಕಾದವರು ಮತ್ತೆ ಅದೇ ಒಬ್ಬರು. ನಿಮ್ಮ ಹತ್ತಿರ ಗಾಡಿ ಇದ್ದರೆ ಕೀಮೋ ತಾರೀಕು ಕೇಳಿ ಬರೆದಿಟ್ಟುಕೊಳ್ಳಿ. ಆ ಎಂಟು ರಾತ್ರಿ ಫೋನ್ ಸೈಲೆಂಟ್ ಮಾಡಬೇಡಿ, ಪೆಟ್ರೋಲ್ ಹಾಕಿಸಿಡಿ, ಇಷ್ಟನ್ನು ಅವರಿಗೆ ಮುಂಚೆಯೇ ತಿಳಿಸಿ. ಇನ್ನೊಂದು ಮಾತು: ಕೀಮೋ ಆದ ಮೊದಲ 48 ಗಂಟೆ ರೋಗಿಯ ವಾಂತಿ, ಮೂತ್ರ, ಮಲದಲ್ಲಿ ಮದ್ದಿನ ಅಂಶ ಇರುತ್ತದೆ. ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು, ಕೊಳೆಯಾದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಬಸುರಿ ಸೊಸೆಗೋ ಮಗಳಿಗೋ ಈ ಕೆಲಸ ಹೇಳಬೇಡಿ.

ನೋವಿನ ವಿಷಯದಲ್ಲಿ ಆರೈಕೆ ಮಾಡುವವರು ಸುಮ್ಮಸುಮ್ಮನೆ ಬೈಸಿಕೊಳ್ಳುತ್ತಾರೆ. "ಮಾರ್ಫಿನ್ ಕೊಡ್ತಿದೀಯಾ? ಚಟ ಹತ್ತಿಬಿಡುತ್ತೆ" ಎನ್ನುವ ನೆಂಟರು ಎಲ್ಲ ಮನೆಯಲ್ಲೂ ಇದ್ದಾರೆ. ಆ ಮಾತಿಗೆ ಹೆದರಿ ಡೋಸ್ ತಪ್ಪಿಸಿದರೆ ನೋವು ಬೆಟ್ಟದಷ್ಟಾಗಿ, ಅದನ್ನು ಇಳಿಸಲು ಹೆಚ್ಚು ಮದ್ದು ಬೇಕಾಗುತ್ತದೆ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನೋವು ಬಂದಾಗಲ್ಲ, ಗಡಿಯಾರ ನೋಡಿಕೊಂಡು 4 ಗಂಟೆಗೊಮ್ಮೆ ಕೊಡಬೇಕು. ನಡುರಾತ್ರಿಯ ಡೋಸ್ ತಪ್ಪಿಸಲು ಮಲಗುವಾಗ ಎರಡರಷ್ಟು ಕೊಡುವ ಪದ್ಧತಿಯೂ ಇದೆ. ಇದನ್ನು ಡಾಕ್ಟರ್ ಬರೆದುಕೊಟ್ಟರೆ ರೋಗಿಯ ಜೊತೆ ನೋಡಿಕೊಳ್ಳುವವರಿಗೂ ಒಂದು ನಿದ್ದೆ ಸಿಗುತ್ತದೆ. ಕೇಳದಿದ್ದರೆ ಎಷ್ಟೋ ಸಲ ಯಾರೂ ಹೇಳುವುದಿಲ್ಲ, ನೀವೇ ಕೇಳಿ. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಯ ಮದ್ದೂ ಶುರುವಾಗಬೇಕು. ನಾಲ್ಕು ದಿನ ಹೊಟ್ಟೆ ಕಟ್ಟಿದ ಮೇಲೆ ಪಡುವ ಪಾಡು ಇಬ್ಬರಿಗೂ ಬೇಡ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಹಿಂಭಾಗ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಬ್ಬರೇ ಕಂಕುಳಿಗೆ ಕೈಹಾಕಿ ಎಳೆದರೆ ರೋಗಿಯ ಚರ್ಮ ಕಿತ್ತುಬರುತ್ತದೆ, ಎಳೆದವರ ಸೊಂಟ ಹಿಡಿಯುತ್ತದೆ. ಬೆಡ್‌ಶೀಟನ್ನು ಮಡಿಚಿ ಭುಜದಿಂದ ತೊಡೆವರೆಗೆ ಬರುವಂತೆ ಕೆಳಗೆ ಹಾಸಿಡಿ. ಇಬ್ಬರು ಎರಡು ಕಡೆ ನಿಂತು, ಆ ಬಟ್ಟೆಯನ್ನೇ ಹಿಡಿದು, ಮಂಡಿ ಬಗ್ಗಿಸಿ ಒಟ್ಟಿಗೆ ಸರಿಸಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಪಕ್ಕದ ಮನೆಯ ಹುಡುಗ ಐದೈದು ನಿಮಿಷ ಬಂದು ಕೈಹಚ್ಚಿದರೂ ಆ ಹೊತ್ತಿಗೆ ಒಂದು ಸೊಂಟ ಉಳಿಯುತ್ತದೆ.

"ಏನಾದ್ರೂ ಬೇಕಿದ್ರೆ ಹೇಳಿ" ಎಂಬ ಮಾತು ಒಳ್ಳೆಯ ಮನಸ್ಸಿನದ್ದೇ. ಆದರೆ ಏನು ಬೇಕು ಎಂದು ಯೋಚಿಸಿ, ಸಂಕೋಚ ನುಂಗಿ, ಫೋನ್ ಮಾಡುವ ಕೆಲಸವನ್ನೂ ಅದು ಅವರ ತಲೆಗೇ ಹಾಕುತ್ತದೆ. "ಅತ್ತಿಗೆ, ಮಂಗಳವಾರ, ಶುಕ್ರವಾರ ರಾತ್ರಿ ನಾನು ಬಂದು ಅಣ್ಣನ ಹತ್ತಿರ ಮಲಗ್ತೀನಿ. ನೀವು ಆ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿ" ಎಂದರೆ ಅವರು ಹೂಂ ಅಂದರೆ ಸಾಕು. ನೋಡಲು ಬರುವವರೂ ನಾಲ್ಕು ಜನ ಒಟ್ಟಿಗೆ ಬಂದು, ಕಾಫಿ ಮಾಡಿಸಿಕೊಂಡು, ಯಾವುದೋ ಊರಿನ ನಾಟಿ ಔಷಧಿ ಹೇಳಿ ಹೋಗಬೇಡಿ. ಊಟದ ಡಬ್ಬಿ ತನ್ನಿ, ನೆಗಡಿ ಇದ್ದರೆ ಬಾಗಿಲಲ್ಲೇ ಕೊಟ್ಟು ಹೋಗಿ.

ಪಕ್ಕದ ಕೇರಳದಲ್ಲಿ ಇದು ನೆರೆಹೊರೆಯವರ ಸದಾಶಯಕ್ಕೆ ಬಿಟ್ಟ ವಿಷಯವಲ್ಲ. 2008ರಲ್ಲೇ ಅಲ್ಲಿನ ಸರ್ಕಾರ ಪ್ಯಾಲಿಯೇಟಿವ್ ಆರೈಕೆಗೆ (ಗಂಭೀರ ರೋಗಿಗಳ ನೋವು, ಸಂಕಟ ಇಳಿಸುವ ಆರೈಕೆ) ನೀತಿ ಮಾಡಿತು, ಪಂಚಾಯಿತಿ ಮಟ್ಟದಲ್ಲಿ ನರ್ಸ್‌ಗಳು, ತರಬೇತಿ ಪಡೆದ ಸ್ವಯಂಸೇವಕರು ಮನೆಗೇ ಬರುತ್ತಾರೆ. ನಮ್ಮ ಹಳ್ಳಿಗಳಿಗೂ ಇದು ಬರಬೇಕು. ಬೆಂಗಳೂರಿನಲ್ಲಿ ಕರುಣಾಶ್ರಯ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಅಲ್ಲಿಗೆ ಸೇರಿಸುವುದನ್ನು "ಕೈಬಿಟ್ಟರು" ಎಂದು ಆಡಿಕೊಳ್ಳುವುದು ಅನ್ಯಾಯ. ಪ್ರಯಾಣದ ಖರ್ಚಿಗೂ ಒಂದು ದಾರಿ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್, 3ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟ್ ಬರೆಸಿಕೊಂಡು ಕೌಂಟರಿನಲ್ಲಿ ಟಿಕೆಟ್ ಮಾಡಿಸಬೇಕು.

ಆರೈಕೆ ಮಾಡುವವರ ಹೊರೆ ಅಳೆಯಲು ಜಾರಿಟ್ ಎಂಬ 22 ಪ್ರಶ್ನೆಗಳ ಮಾಪಕವಿದೆ, 0ಯಿಂದ 88ರವರೆಗೆ ಅಂಕ. ಮನೆಯವರಿಗೆ ಅಷ್ಟೆಲ್ಲ ಬೇಕಿಲ್ಲ. ಮೂರು ಕೇಳಿ: ಒಂದೇ ಸಮನೆ ನಾಲ್ಕು ಗಂಟೆ ಮಲಗಿದ್ದು ಯಾವಾಗ? ನಿಮ್ಮ ಬಿಪಿ, ಶುಗರ್ ಮಾತ್ರೆ ತಗೊಂಡ್ರಾ? ಕೂತು ಊಟ ಮಾಡಿದ್ರಾ? ಉತ್ತರ ಕೇಳಿ ಗಾಬರಿಯಾದರೆ, ಅಥವಾ "ನಾನೇ ಹೋಗಿಬಿಟ್ರೆ ಸಾಕು" ಎಂಬ ಮಾತು ಬಂದರೆ, ಅವರನ್ನು ಒಬ್ಬರನ್ನೇ ಬಿಡದೆ 14416ಕ್ಕೆ ಫೋನ್ ಹಚ್ಚಿಕೊಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ರೋಗಿ ತೀರಿಕೊಂಡ ಮನೆಯಲ್ಲಿ ತಿಥಿ ಮುಗಿದು ನೆಂಟರು ಹೊರಟ ವಾರವೇ ಹೆಚ್ಚು ಕಠಿಣ. ತಿಂಗಳುಗಟ್ಟಲೆ ಎದ್ದು ರೂಢಿಯಾದ ಮೈ ರಾತ್ರಿ ಎರಡಕ್ಕೆ ತಾನಾಗೇ ಎಚ್ಚರವಾಗುತ್ತದೆ, ಮಾಡಲು ಕೆಲಸವಿಲ್ಲ. ಆ ವಾರ ಹೋಗಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ, ಕಸಕ್ಕೆ ಹಾಕಬೇಡಿ. ಬಾಡಿಗೆಗೆ ತಂದ ಮಂಚ, ಆಕ್ಸಿಜನ್ ಯಂತ್ರ ವಾಪಸ್ ಕಳಿಸುವ ಓಡಾಟ ನೀವೇ ಮಾಡಿ. ಆಮೇಲೆ ವರ್ಷದಿಂದ ಮುಂದೂಡಿದ ಅವರದೇ ಹಲ್ಲುನೋವು, ಕಣ್ಣಿನ ಪೊರೆ, ಶುಗರ್ ಟೆಸ್ಟ್ ಏನಿದೆ ಕೇಳಿ, ಅಪಾಯಿಂಟ್‌ಮೆಂಟ್ ತೆಗೆದು, ಆ ದಿನ ಅವರ ಜೊತೆ ಹೋಗಿ.